ಹೆಣಕ್ಕಿಂತ ಮೊದಲು ಬಿಲ್ಲು: ಪುಟ್ಟ ಪಟ್ಟಣದ ಕೊಲೆಯ ಕಾದಂಬರಿ ಬರೆದ ನನ್ನ ಅನುಭವ

ನನ್ನ ಅಪರಾಧ ಕಾದಂಬರಿ ಶುರುವಾದದ್ದು ಒಂದು ಬಿಲ್ಲಿನಿಂದ. ಪುಟ್ಟ ಪಟ್ಟಣವೊಂದರ ನೀರು ಶುದ್ಧೀಕರಣ ಘಟಕಕ್ಕೆ ಹೊಸ ಮರಳು ಬಂದಿದೆ ಅಂತ ಹೇಳುವ ಬಿಲ್ಲು. ಮರಳು ಬಂದಿರುವುದಿಲ್ಲ. ಬರೆಯಲು ಕೂತಾಗ ನನ್ನ ಹತ್ತಿರ ಇದ್ದದ್ದು ಇಷ್ಟೇ. ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ ಅನ್ನುವುದನ್ನು ನಾನಿನ್ನೂ ಯೋಚಿಸಿರಲಿಲ್ಲ. ಆ ಬಿಲ್ಲು ಪಾಸಾಗಬೇಕಾದರೆ ಯಾರ್ಯಾರ ಮೇಜು ದಾಟಬೇಕು ಅಂತ ಬರೆಯುತ್ತಾ ಹೋದೆ. ಒಂದೊಂದು ಮೇಜಿನ ಹಿಂದೆಯೂ ಒಂದೊಂದು ಪಾತ್ರ ಸಿಕ್ಕಿತು.

ಹೀಗೆ ಶುರು ಮಾಡಿದ್ದಕ್ಕೆ ಕಾರಣ ಇದೆ. ಇಂಥ ಕಥೆಗಳಲ್ಲಿ ಭ್ರಷ್ಟಾಚಾರ ಅನ್ನುವುದು ಹಿನ್ನೆಲೆಯ ಬಣ್ಣವಾಗಿಬಿಡುತ್ತದೆ. ಒಬ್ಬ ದುಷ್ಟ ಯಜಮಾನ, ನಾಲ್ಕು ಜನ ಹಿಂಬಾಲಕರು, ಒಂದು ಸೂಟ್‌ಕೇಸು ದುಡ್ಡು. ದುಡ್ಡು ಯಾವ ದಾರಿಯಲ್ಲಿ ಬಂತು ಅಂತ ಯಾರೂ ಹೇಳುವುದಿಲ್ಲ. ಗುಟ್ಟು ಮುಚ್ಚಿಡಲು ಒಂದು ಜೀವ ಹೋಯಿತು ಅಂದಮೇಲೆ, ಆ ಗುಟ್ಟು ಏನು, ಹೇಗೆ ನಡೆಯುತ್ತಿತ್ತು ಅನ್ನುವುದು ಓದುಗರಿಗೆ ಅರ್ಥವಾಗಬೇಕು ಅಲ್ವಾ? ಅರ್ಥವಾಗದಿದ್ದರೆ ಸತ್ತವನ ಸಾವಿಗೆ ತೂಕವೇ ಇರುವುದಿಲ್ಲ.

ರಾಬರ್ಟ್ ಕ್ಲಿಟ್‌ಗಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞ ಭ್ರಷ್ಟಾಚಾರಕ್ಕೆ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ಒಬ್ಬರ ಕೈಯಲ್ಲೇ ಅಧಿಕಾರ ಇರಬೇಕು. ಆ ಅಧಿಕಾರವನ್ನು ತನಗೆ ತೋಚಿದ ಹಾಗೆ ಬಳಸುವ ಅವಕಾಶ ಇರಬೇಕು. ಯಾರಿಗೂ ಲೆಕ್ಕ ಒಪ್ಪಿಸುವಂತಿರಬಾರದು. ಪುಟ್ಟ ಪಟ್ಟಣದಲ್ಲಿ ಈ ಮೂರೂ ಸುಲಭವಾಗಿ ಕೂಡಿಬರುತ್ತವೆ. ಎಂಜಿನಿಯರ್ ಒಬ್ಬನೇ. ಗುತ್ತಿಗೆದಾರರು ಇಬ್ಬರೋ ಮೂವರೋ, ಅವರೂ ನೆಂಟರು. ಲೆಕ್ಕ ನೋಡುವವನ ಮಗಳ ಮದುವೆಗೆ ಗುತ್ತಿಗೆದಾರನೇ ಓಡಾಡಿರುತ್ತಾನೆ. ಇವರೆಲ್ಲ ಕೆಟ್ಟವರು ಅಂತ ನಾನು ಬರೆಯಲಿಲ್ಲ. ಒಬ್ಬರಿಗೊಬ್ಬರು ಇಲ್ಲ ಅನ್ನಲಾಗದ ಜನ ಅಂತ ಬರೆದೆ. ಕಥೆಗೆ ಅದೇ ಜಾಸ್ತಿ ಬಲ ಕೊಟ್ಟಿತು.

ಇನ್ನು ಬಿಲ್ಲಿನ ವಿಷಯ. ಸರಕು ಕೊಳ್ಳುವ ಯಾವ ಕಚೇರಿಯಲ್ಲೂ ಮೂರು ಕಾಗದ ತಾಳೆಯಾಗಬೇಕು. ಇಂಥದ್ದು ಬೇಕು ಅಂತ ಕೊಟ್ಟ ಆದೇಶ, ಇಷ್ಟು ಬಂತು ಅಂತ ಉಗ್ರಾಣದವನು ಬರೆದ ರಸೀದಿ, ಇಷ್ಟು ಹಣ ಕೊಡಿ ಅಂತ ಗುತ್ತಿಗೆದಾರ ಕೊಟ್ಟ ಬಿಲ್ಲು. ಮೊದಲನೆಯದನ್ನು ಎಂಜಿನಿಯರ್ ಬರೆಯುತ್ತಾನೆ, ಮೂರನೆಯದನ್ನು ಗುತ್ತಿಗೆದಾರ. ಇಬ್ಬರೂ ಸೇರಿಕೊಂಡರೂ ನಡುವಿನ ಕಾಗದ ಉಳಿಯುತ್ತದೆ. ಅಂದರೆ ಇಡೀ ಕಳ್ಳತನ ನಿಂತಿರುವುದು ಕಡಿಮೆ ಸಂಬಳದ ಸ್ಟೋರ್ ಕೀಪರ್ ಒಬ್ಬನ ಸಹಿಯ ಮೇಲೆ. ಇದು ಹೊಳೆದ ಕ್ಷಣ ನನ್ನ ಕೊಲೆಗೆ ಬಲಿ ಯಾರು ಅಂತ ಗೊತ್ತಾಯಿತು. ಅವನು ವೀರನಲ್ಲ, ಹೋರಾಟಗಾರನೂ ಅಲ್ಲ. ವರ್ಷಗಟ್ಟಲೆ ಸಹಿ ಹಾಕಿದವನು, ಒಂದು ದಿನ ಹಾಕುವುದಿಲ್ಲ ಅಂದವನು.

ವರ್ಷಗಟ್ಟಲೆ ಯಾಕೆ ಹಾಕಿದ? ಇಲ್ಲಿ ಡೊನಾಲ್ಡ್ ಕ್ರೆಸ್ಸಿ ಅನ್ನುವ ಅಪರಾಧಶಾಸ್ತ್ರಜ್ಞರ ಕೆಲಸ ನನಗೆ ತುಂಬಾ ನೆರವಾಯಿತು. ನಂಬಿಕೆಯ ಕೆಲಸದಲ್ಲಿದ್ದು ಹಣ ಕದ್ದು ಜೈಲಿಗೆ ಹೋದವರನ್ನು ಮಾತಾಡಿಸಿ, 1953ರಲ್ಲಿ ಅವರು ತಮ್ಮ ತಿಳಿವಳಿಕೆಯನ್ನು ಪ್ರಕಟಿಸಿದರು. ಕದ್ದವರಲ್ಲಿ ಮೂರು ಸಂಗತಿ ಕಾಣುತ್ತಿತ್ತು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ಕಷ್ಟ, ಕದಿಯಲು ಇರುವ ದಾರಿ, ಮತ್ತೆ ತನ್ನನ್ನು ತಾನೇ ಒಪ್ಪಿಸಿಕೊಳ್ಳುವ ಒಂದು ಮಾತು. ಈ ಮೂರನೆಯದನ್ನು ನಾನು ಪ್ರತಿ ಪಾತ್ರಕ್ಕೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡೆ. ಎಂಜಿನಿಯರ್: "ಮುಂದಿನ ಸಲ ನಿಜವಾಗಲೂ ತರಿಸೋಣ." ಗುತ್ತಿಗೆದಾರ: "ಹಳೇ ಬಾಕಿ ಕೊಟ್ಟಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ." ಲೆಕ್ಕದವನು: "ಕಾಗದ ಸರಿಯಿದೆ, ಮರಳು ನೋಡೋದು ನನ್ನ ಕೆಲಸ ಅಲ್ಲ." ಸ್ಟೋರ್ ಕೀಪರ್: "ಸಾಹೇಬರು ಹೇಳಿದ್ದಾರೆ." ಕಾದಂಬರಿಯ ಅರ್ಧ ಸಂಭಾಷಣೆ ಹುಟ್ಟಿದ್ದು ಈ ನಾಲ್ಕು ಮಾತುಗಳಿಂದ.

ಇಷ್ಟು ವರ್ಷ ಯಾರಿಗೂ ಗೊತ್ತಾಗದೆ ಇರುತ್ತದಾ ಅಂತ ನನಗೂ ಅನುಮಾನ ಇತ್ತು. ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಸನ್ ಪಟ್ಟಣದ ಕಥೆ ಓದಿದ ಮೇಲೆ ಆ ಅನುಮಾನ ಹೋಯಿತು. ಸುಮಾರು 16 ಸಾವಿರ ಜನರ ಊರು. ಅಲ್ಲಿನ ಹಣಕಾಸು ನೋಡಿಕೊಳ್ಳುತ್ತಿದ್ದ ರೀಟಾ ಕ್ರಂಡ್ವೆಲ್ 1990ರಲ್ಲಿ ಊರಿನ ಹೆಸರಲ್ಲೇ ಒಂದು ಗುಟ್ಟಿನ ಬ್ಯಾಂಕ್ ಖಾತೆ ತೆರೆದರು. 2012ರಲ್ಲಿ ಬಂಧನವಾಗುವಷ್ಟರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಹಣ ಹೋಗಿತ್ತು. ರಸ್ತೆ ರಿಪೇರಿಗೆ ದುಡ್ಡಿಲ್ಲ ಅಂತ ಊರು ಕೊರಗುತ್ತಿದ್ದಾಗ ಅವರು ದುಬಾರಿ ಕುದುರೆಗಳನ್ನು ಸಾಕುತ್ತಿದ್ದರು. ಎಲ್ಲರಿಗೂ ಕಾಣುವ ಹಾಗೆಯೇ ಸಾಕುತ್ತಿದ್ದರು. ಪ್ರತಿ ವರ್ಷ ಆಡಿಟ್ ಕೂಡ ಆಗುತ್ತಿತ್ತು. ಸಿಕ್ಕಿಬಿದ್ದದ್ದು ಅವರು ರಜೆಯಲ್ಲಿದ್ದಾಗ. ಅವರ ಬದಲಿಗೆ ಕೆಲಸ ನೋಡುತ್ತಿದ್ದವರು ಬ್ಯಾಂಕಿನಿಂದ ಎಲ್ಲಾ ಖಾತೆಗಳ ವಿವರ ತರಿಸಿದರು. ಅದರಲ್ಲಿ ಯಾರೂ ಕೇಳಿರದ ಖಾತೆಯೊಂದಿತ್ತು. 2013ರಲ್ಲಿ ಕ್ರಂಡ್ವೆಲ್‌ಗೆ 19 ವರ್ಷ 7 ತಿಂಗಳ ಶಿಕ್ಷೆಯಾಯಿತು.

ಈ ಪ್ರಕರಣದಿಂದ ನಾನು ತೆಗೆದುಕೊಂಡದ್ದು ರಜೆಯನ್ನು. ನನ್ನ ಕಾದಂಬರಿಯ ಲೆಕ್ಕದವನು ಎಂದೂ ರಜೆ ಹಾಕುವುದಿಲ್ಲ. ಜ್ವರ ಬಂದರೂ ಬರುತ್ತಾನೆ. ಊರಿನವರು ಅದನ್ನು ನಿಷ್ಠೆ ಅಂತ ಹೊಗಳುತ್ತಾರೆ, ಸನ್ಮಾನ ಮಾಡುತ್ತಾರೆ. ತನಿಖೆಗೆ ಬಂದ ಅಧಿಕಾರಿ ಮಾತ್ರ ಹಾಜರಿ ಪುಸ್ತಕ ತಿರುವಿ ಹಾಕುತ್ತಾ ಅಲ್ಲೇ ನಿಲ್ಲುತ್ತಾಳೆ.

ನಾನು ಹೆಚ್ಚು ಸಮಯ ಕೊಟ್ಟದ್ದು ಸಾವಿಗೆ. ಸ್ಟೋರ್ ಕೀಪರನ ಹೆಣ ಸಿಗುವುದು ಶುದ್ಧೀಕರಣ ಘಟಕದ ಸಂಪಿನಲ್ಲಿ, ಅಂದರೆ ಶೋಧಿಸಿದ ನೀರು ಬಂದು ನಿಲ್ಲುವ ತೊಟ್ಟಿಯಲ್ಲಿ. ಕಾಲು ಜಾರಿ ಬಿದ್ದ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅವನನ್ನು ಮುಳುಗಿಸಿದ್ದು ಘಟಕಕ್ಕೆ ನೀರು ಬರುವ ಕೆರೆಯಲ್ಲಿ. ಇದನ್ನು ಹೇಗೆ ಕಂಡುಹಿಡಿಯುವುದು?

ಕೆರೆ, ಹೊಳೆಗಳ ನೀರಿನಲ್ಲಿ ಡಯಾಟಮ್ ಅನ್ನುವ ಒಂದೇ ಕೋಶದ ಪಾಚಿ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದರ ಚಿಪ್ಪು ಸಿಲಿಕಾದ್ದು, ಗಾಜಿನ ಜಾತಿಯದ್ದು. ಮನುಷ್ಯ ಜೀವಂತವಾಗಿ ಮುಳುಗಿದರೆ, ಉಸಿರೆಳೆದಾಗ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ. ಡಯಾಟಮ್‌ಗಳು ಅಲ್ಲಿಂದ ರಕ್ತಕ್ಕೆ ಸೇರಿ, ಹೃದಯ ಇನ್ನೂ ಬಡಿಯುತ್ತಿರುವುದರಿಂದ ಮೂಳೆಯ ಮಜ್ಜೆಯವರೆಗೂ ತಲುಪಬಹುದು. ಸತ್ತ ಮೇಲೆ ನೀರಿಗೆ ಎಸೆದರೆ ರಕ್ತ ಓಡುವುದಿಲ್ಲ, ಹಾಗಾಗಿ ಅಷ್ಟು ದೂರ ಹೋಗುವ ದಾರಿಯಿಲ್ಲ. ಪ್ರಯೋಗಾಲಯದಲ್ಲಿ ಮಜ್ಜೆಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸುತ್ತಾರೆ. ಮಾಂಸವೆಲ್ಲ ಕರಗಿದರೂ ಚಿಪ್ಪು ಉಳಿಯುತ್ತದೆ. ಅದನ್ನು ಹೆಣ ಸಿಕ್ಕ ಜಾಗದ ನೀರಿನ ಜೊತೆ ಹೋಲಿಸಿ ನೋಡುತ್ತಾರೆ. ಈ ಪರೀಕ್ಷೆಯ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು ಅನ್ನುವವರು ತುಂಬಾ ಜನ. ಆ ಜಗಳವನ್ನೂ ನಾನು ಕಥೆಯೊಳಗೆ ಇಟ್ಟೆ.

ಇದನ್ನು ಓದುತ್ತಿದ್ದಾಗ ನನ್ನ ಬಿಲ್ಲು ಮತ್ತೆ ನೆನಪಾಯಿತು. ಮರಳಿನ ಫಿಲ್ಟರ್ ಅಂದರೆ ಸುಮಾರು 60 ರಿಂದ 75 ಸೆಂಟಿಮೀಟರ್ ದಪ್ಪದ ಸಣ್ಣ ಮರಳಿನ ಹಾಸು. ಕಸ ಕಟ್ಟಿಕೊಂಡಾಗ ಕೆಳಗಿನಿಂದ ನೀರು ನುಗ್ಗಿಸಿ ತೊಳೆಯುತ್ತಾರೆ. ಹಾಗೆ ತೊಳೆಯುವಾಗ ಸ್ವಲ್ಪ ಸ್ವಲ್ಪ ಮರಳು ಕೊಚ್ಚಿ ಹೋಗುತ್ತದೆ, ಅದನ್ನು ಆಗಾಗ ತುಂಬಬೇಕು. ಚೆನ್ನಾಗಿರುವ ಫಿಲ್ಟರ್ ಡಯಾಟಮ್‌ಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಹಾಗಾದರೆ ಸಂಪಿನ ನೀರಲ್ಲಿ ಅವು ತೀರಾ ಕಡಿಮೆ ಇರಬೇಕು. ಹೆಣದ ಮಜ್ಜೆಯಲ್ಲಿ ಕೆರೆಯ ಡಯಾಟಮ್ ಸಿಕ್ಕರೆ ಸತ್ತದ್ದು ಕೆರೆಯಲ್ಲಿ ಅಂತ ಅನುಮಾನ ಪಡಬಹುದು. ಆದರೆ ಈ ಊರಿನಲ್ಲಿ ಮರಳೇ ಬಂದಿಲ್ಲವಲ್ಲ! ಸಂಪಿನ ನೀರೂ ಕೆರೆಯ ನೀರೂ ಒಂದೇ. ಎರಡರಲ್ಲೂ ಅದೇ ಡಯಾಟಮ್.

ಕೊಲೆಗಾರರನ್ನು ಅವರ ಕಳ್ಳತನವೇ ಕಾಪಾಡುತ್ತದೆ. ಪರೀಕ್ಷೆ ಯಾವ ಜಾಗವನ್ನೂ ತೋರಿಸುವುದಿಲ್ಲ. ಆದರೆ ಅದೇ ವರದಿ ಊರಿನವರೆಲ್ಲ ಇಷ್ಟು ದಿನ ಕುಡಿದ ನೀರು ಎಂಥದ್ದು ಅಂತ ಹೇಳಿಬಿಡುತ್ತದೆ. ತನಿಖಾಧಿಕಾರಿ ಸಾವಿನ ಬಗ್ಗೆ ಕೇಳಿದ ಪ್ರಶ್ನೆಗೆ ಬಿಲ್ಲಿನ ಬಗ್ಗೆ ಉತ್ತರ ಸಿಗುತ್ತದೆ. ಕಾದಂಬರಿಯ ಎರಡು ಎಳೆ ಒಂದಾದದ್ದು ಇಲ್ಲಿ. ಬರೆಯುವವಳಾಗಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಸಿಕ್ಕಿಲ್ಲ.

ಕೊಲೆಯನ್ನು ಸಾಬೀತು ಮಾಡಲು ಇನ್ನೊಂದು ದಾರಿ ಹುಡುಕಿದೆ. ಅದಕ್ಕೆ ಹೆಣವೇ ಸಾಕ್ಷಿ. ಹೃದಯ ನಿಂತ ಮೇಲೆ ರಕ್ತ ಕೆಳಗಿರುವ ಭಾಗಕ್ಕೆ ಇಳಿಯುತ್ತದೆ, ಅಲ್ಲಿ ಚರ್ಮದ ಮೇಲೆ ಕೆನ್ನೀಲಿ ಬಣ್ಣ ಕಾಣುತ್ತದೆ. ಸುಮಾರು 8 ರಿಂದ 12 ಗಂಟೆಯಲ್ಲಿ ಆ ಬಣ್ಣ ಅಲ್ಲೇ ನೆಲೆಯಾಗುತ್ತದೆ. ಆಮೇಲೆ ಹೆಣವನ್ನು ಮಗುಚಿ ಹಾಕಿದರೂ ಅದು ಪೂರ್ತಿ ಜಾಗ ಬದಲಿಸುವುದಿಲ್ಲ. ನನ್ನ ಸ್ಟೋರ್ ಕೀಪರ್ ಸಂಪಿನಲ್ಲಿ ಬೋರಲಾಗಿ ತೇಲುತ್ತಿದ್ದ. ಕೆನ್ನೀಲಿ ಬಣ್ಣ ಇದ್ದದ್ದು ಬೆನ್ನಿನ ಮೇಲೆ. ಅಂದರೆ ಸತ್ತ ಮೇಲೆ ಗಂಟೆಗಟ್ಟಲೆ ಎಲ್ಲೋ ಅಂಗಾತ ಮಲಗಿದ್ದ. ಸತ್ತ ಸಮಯದ ಬಗ್ಗೆ ಮಾತ್ರ ನಾನು ಡಾಕ್ಟರ್ ಬಾಯಲ್ಲಿ ನಿಖರವಾದ ಗಂಟೆ ಹೇಳಿಸಲಿಲ್ಲ. ದೇಹ ಸೆಟೆದುಕೊಳ್ಳುವುದು, ತಣ್ಣಗಾಗುವುದು ಎರಡೂ ಸುತ್ತಲಿನ ಬಿಸಿ, ನೀರು, ಮೈಕಟ್ಟು ನೋಡಿಕೊಂಡು ಬದಲಾಗುತ್ತವೆ. "ರಾತ್ರಿ 10 ಗಂಟೆ 20 ನಿಮಿಷಕ್ಕೆ" ಅಂತ ಹೇಳುವ ಡಾಕ್ಟರ್ ಕಥೆಯಲ್ಲಿ ಮಾತ್ರ ಸಿಗುತ್ತಾರೆ.

ಬೆದರಿಕೆಯ ದೃಶ್ಯ ಬರೆಯುವುದು ಕಷ್ಟವಾಯಿತು. ಪುಟ್ಟ ಊರಿನಲ್ಲಿ ಯಾರೂ ಕತ್ತಿ ತೋರಿಸಿ ಹೆದರಿಸುವುದಿಲ್ಲ. "ಮಗಳು ಎಷ್ಟನೇ ಕ್ಲಾಸು ಈಗ?" ಅಂತ ಕೇಳುತ್ತಾರೆ. "ಒಂದು ಸಹಿ ತಾನೇ, ಸುಮ್ನೆ ಯಾಕೆ ಎಳೆದಾಡ್ತೀರಿ" ಅನ್ನುತ್ತಾರೆ. ಬೇರೆಯವರು ಕೇಳಿದರೆ ಅದು ಕಾಳಜಿಯ ಮಾತು. ಹಾಗಾಗಿ ಆ ಅಧ್ಯಾಯದಲ್ಲಿ "ಹೆದರಿದ" ಅನ್ನುವ ಮಾತನ್ನೇ ಬಳಸಲಿಲ್ಲ. ಮಾತು ಮುಗಿದ ಮೇಲೆ ಅವನು ಮಗಳನ್ನು ಕರೆದುಕೊಂಡು ಬರಲು ಶಾಲೆಗೆ ಹೋಗುತ್ತಾನೆ, ಅಷ್ಟೇ.

ಕಾಗದದ ಲೆಕ್ಕಕ್ಕೆ ಜೀವ ತೆಗೆಯುತ್ತಾರಾ ಅಂತ ಕೇಳುವವರಿದ್ದಾರೆ. ತೆಗೆಯುತ್ತಾರೆ. ಸ್ಲೊವಾಕಿಯಾದ ಪತ್ರಕರ್ತ ಯಾನ್ ಕುಸಿಯಾಕ್ ಮತ್ತು ಅವರು ಮದುವೆಯಾಗಲಿದ್ದ ಮಾರ್ಟಿನಾ ಕುಶ್ನಿರೋವಾ ಅವರನ್ನು 2018ರ ಫೆಬ್ರುವರಿಯಲ್ಲಿ ಒಂದು ಹಳ್ಳಿಯಲ್ಲಿದ್ದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಕುಸಿಯಾಕ್ ಮಾಡುತ್ತಿದ್ದದ್ದು ಹೆಚ್ಚಾಗಿ ದಾಖಲೆ ಓದುವ ಕೆಲಸ. ತೆರಿಗೆ, ಕಂಪನಿಗಳ ನೋಂದಣಿ, ಕೃಷಿ ಸಹಾಯಧನ ಇಂಥವು. ಆ ಕೊಲೆಗೆ ಜನ ಬೀದಿಗೆ ಇಳಿದರು, ಮಾರ್ಚ್‌ನಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು. ನನ್ನ ಸ್ಟೋರ್ ಕೀಪರನಿಗಾಗಿ ಯಾರೂ ಬೀದಿಗೆ ಇಳಿಯುವುದಿಲ್ಲ. ಅವನ ಬಗ್ಗೆ ಬರೆಯಬೇಕು ಅನಿಸಿದ್ದೇ ಅದಕ್ಕೆ.

ತನಿಖೆ ಮುಂದೆ ಸಾಗುವುದು ಯಾರಿಂದ ಅನ್ನುವುದನ್ನು ಕೊನೆಗೆ ತೀರ್ಮಾನಿಸಿದೆ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, 43% ಪ್ರಕರಣಗಳು ಯಾರೋ ಕೊಟ್ಟ ಸುಳಿವಿನಿಂದ ಹೊರಬಂದಿವೆ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದೇ ಸಂಸ್ಥೆಯ ನೌಕರರು. ಹಾಗಾಗಿ ನನ್ನ ತನಿಖಾಧಿಕಾರಿ ಬುದ್ಧಿವಂತಿಕೆಯಿಂದ ಎಲ್ಲವನ್ನೂ ಬಿಡಿಸುವುದಿಲ್ಲ. ಫಿಲ್ಟರ್ ತೊಳೆಯುವ ಕೆಲಸದವನು ಬಾಯಿ ಬಿಡುತ್ತಾನೆ. ಮರಳು ಎಷ್ಟು ಇಳಿದಿದೆ ಅಂತ ತೊಟ್ಟಿಯ ಗೋಡೆಯ ಮೇಲೆ ಅವನು ಪ್ರತಿ ಸಲ ಒಂದು ಗೆರೆ ಎಳೆದಿರುತ್ತಾನೆ. ಯಾರೂ ಅವನನ್ನು ಕೇಳಿರಲಿಲ್ಲ.

ಹಸ್ತಪ್ರತಿಯನ್ನು ಒಬ್ಬ ಡಾಕ್ಟರಿಗೆ, ಒಬ್ಬ ಲೆಕ್ಕಪರಿಶೋಧಕರಿಗೆ, ನೀರು ಸರಬರಾಜಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಎಂಜಿನಿಯರಿಗೆ ಕೊಟ್ಟೆ. ಲೆಕ್ಕಪರಿಶೋಧಕರು ಬಿಲ್ಲುಗಳನ್ನು ಒಡೆಯಲು ಹೇಳಿದರು. ಮಂಜೂರಾತಿಯ ಮಿತಿ ದಾಟಿದರೆ ಬಿಲ್ಲು ಮೇಲಿನ ಕಚೇರಿಗೆ ಹೋಗುತ್ತದೆ. ಹಾಗಾಗಿ ಕದಿಯುವವರು ಒಂದೇ ಕೆಲಸವನ್ನು ಮಿತಿಗಿಂತ ಸ್ವಲ್ಪ ಕಡಿಮೆಯ ಹಲವು ಬಿಲ್ಲುಗಳಾಗಿ ಮಾಡುತ್ತಾರೆ. ಡಾಕ್ಟರ್ ಹೆಣದ ಕೈಗಳನ್ನು ಇನ್ನೊಮ್ಮೆ ವರ್ಣಿಸಲು ಹೇಳಿದರು, ನೀರಿನಲ್ಲಿ ಬೆರಳ ತುದಿಯ ಚರ್ಮ ಬಿಳಿಚಿಕೊಂಡು ಸುಕ್ಕಾಗುತ್ತದೆ ಅಂತ. ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಮರಳಿಲ್ಲದೆ ನೀರು ಕಲಕಾಗಿ ಬರ್ತಿದ್ದರೆ, ಕ್ಲೋರಿನ್ ಜಾಸ್ತಿ ಹಾಕಿ ಮುಚ್ಚಿಡ್ತಿದ್ರು. ಆ ವಾಸನೆ ಊರಿಗೆಲ್ಲ ಬರಬೇಕಲ್ಲ, ಎಲ್ಲಿ ಬರೆದಿದ್ದೀರಿ?" ಈಗ ಅದು ಮೊದಲ ಪುಟದಲ್ಲೇ ಇದೆ. ಬೆಳಗ್ಗೆ ನಲ್ಲಿ ತಿರುಗಿಸಿದ ಹೆಂಗಸೊಬ್ಬಳು, ವಾಸನೆ ಇದೆ ಅಂದಮೇಲೆ ನೀರು ಚೊಕ್ಕಟವಾಗಿದೆ ಅಂತ ಮಗನಿಗೆ ಹೇಳಿ ಲೋಟ ತುಂಬಿಸಿ ಕೊಡುತ್ತಾಳೆ.