ಕೊಟ್ಟ ಕೀ ವಾಪಸ್ ಬರುವಂತೆ ಕೊಡಿ

ಎರಡು ಮೂರು ಸಂಸ್ಥೆಗಳು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದರೆ, ಫೈಲ್ ಹಂಚಿಕೊಳ್ಳಲು ಮೊದಲ ವಾರವೇ ಯಾರೋ ಒಬ್ಬರು ಆನ್‌ಲೈನ್ ಫೋಲ್ಡರ್ ಮಾಡುತ್ತಾರೆ. ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಅಂತ ಒತ್ತಿ ಗ್ರೂಪಿಗೆ ಹಾಕುತ್ತಾರೆ. ಕೆಲಸ ಮುಗಿದರೂ ಲಿಂಕ್ ಮುಗಿಯುವುದಿಲ್ಲ. ಹಾಗೆ ಬಾಯಿ ತೆರೆದುಕೊಂಡೇ ಇದ್ದ ಫೋಲ್ಡರುಗಳನ್ನು ಎಷ್ಟು ಸಲ ಮುಚ್ಚಿಸಿದ್ದೇನೋ ಲೆಕ್ಕವಿಲ್ಲ. ಮೊದಲು ಆ ಆಯ್ಕೆಯನ್ನು ಆಫ್ ಮಾಡಿಸಿ, ಆಮೇಲೆ ಮುಂದೆ ಓದಿ.

ಹೆಜ್ಜೆ 1: ಕೊಡುವುದನ್ನು ಕಡಿಮೆ ಮಾಡಿ. ಪಾಲುದಾರ ಸಂಸ್ಥೆಗೆ ಮೂರು ಕಾಲಂ ಸಾಕಾದರೆ ಮೂರನ್ನೇ ಹೊಸ ಫೈಲಿಗೆ ಹಾಕಿ ಕೊಡಿ. ಎಕ್ಸೆಲ್‌ನಲ್ಲಿ ಉಳಿದವನ್ನು ‘ಹೈಡ್’ ಮಾಡಿ ಕಳಿಸಬೇಡಿ, ಎರಡು ಕ್ಲಿಕ್ಕಿಗೆ ಎದ್ದು ಬರುತ್ತವೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆಯುವುದೂ ಅಷ್ಟೇ. ಎಷ್ಟೋ ಸಲ ಅಡಿಯ ಅಕ್ಷರ ಹಾಗೇ ಕಾಪಿ ಆಗುತ್ತದೆ.

ಹೆಜ್ಜೆ 2: ಫೈಲಿನ ಮೇಲೆ ಬಣ್ಣ ಬರೆಯಿರಿ. ಮಾಹಿತಿಯನ್ನು ಯಾರವರೆಗೆ ಹಂಚಬಹುದು ಎಂದು ಬಣ್ಣದ ಹೆಸರಿನಲ್ಲಿ ಹೇಳುವ ‘ಟ್ರಾಫಿಕ್ ಲೈಟ್ ಪ್ರೋಟೋಕಾಲ್’ ಇದೆ, 2.0 ಆವೃತ್ತಿ 2022ರಲ್ಲಿ ಬಂತು. ಕೆಂಪು ಎಂದರೆ ನೇರವಾಗಿ ಪಡೆದವರಿಗಷ್ಟೇ. ಆಂಬರ್ ಎಂದರೆ ಅವರ ಸಂಸ್ಥೆ ಮತ್ತು ಅದರ ಗ್ರಾಹಕರಲ್ಲಿ ತಿಳಿಯಲೇಬೇಕಾದವರಿಗೆ. ‘ಸ್ಟ್ರಿಕ್ಟ್’ ಸೇರಿಸಿದರೆ ಸಂಸ್ಥೆಯೊಳಗೆ ಮಾತ್ರ. ಹಸಿರು ಅದೇ ಕ್ಷೇತ್ರದ ಬಳಗಕ್ಕೆ, ಕ್ಲಿಯರ್ ಎಲ್ಲರಿಗೂ. ಆದರೆ ಇದು ಬರೀ ಚೀಟಿ, ಬೀಗವಲ್ಲ. ಬೀಗ ಮುಂದಿನ ಹೆಜ್ಜೆ.

ಹೆಜ್ಜೆ 3: ಲಾಗಿನ್. ಎಲ್ಲರೂ ಎಡವುವುದು ಇಲ್ಲೇ. ಪಾಲುದಾರರಿಗೆಲ್ಲ ಸೇರಿ ಒಂದೇ ಯೂಸರ್‌ನೇಮ್ ಕೊಟ್ಟರೆ ಕೆಲಸ ಬೇಗ ಆಗುತ್ತದೆ, ನಿಜ. ನಾಳೆ ಫೈಲ್ ಅಳಿಸಿಹೋದರೆ ಯಾರನ್ನು ಕೇಳುತ್ತೀರಿ? ಯಾರು ಏನು ಮಾಡಿದರು ಎಂದು ದಾಖಲಾಗುವ ಲಾಗ್‌ನಲ್ಲಿ ಇರುವುದು ಒಂದೇ ಹೆಸರು. ಒಬ್ಬರಿಗೆ ಒಂದು ಲಾಗಿನ್, ಅದಕ್ಕೆ ಎರಡನೇ ಹಂತದ ಪರಿಶೀಲನೆ. ಇದರಲ್ಲಿ ರಾಜಿ ಬೇಡ.

ಆದರೆ ಅವರ ನೌಕರರಿಗೆ ನೀವೇ ಪಾಸ್‌ವರ್ಡ್ ಮಾಡಿಕೊಟ್ಟರೆ, ಅವರು ಕೆಲಸ ಬಿಟ್ಟದ್ದು ನಿಮಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಸಾಧ್ಯವಾದರೆ ಫೆಡರೇಷನ್ ಮಾಡಿಸಿ. ಅಂದರೆ ಅವರು ತಮ್ಮ ಸಂಸ್ಥೆಯಲ್ಲೇ ಲಾಗಿನ್ ಆಗುತ್ತಾರೆ, ‘ಇವರು ನಮ್ಮವರೇ’ ಎಂಬ ಸಹಿ ಹಾಕಿದ ಸಂದೇಶ ನಿಮಗೆ ಬರುತ್ತದೆ. 2005ರಿಂದ ಇರುವ ಸ್ಯಾಮಲ್ 2.0, ಆಮೇಲೆ ಬಂದ ಓಪನ್‌ಐಡಿ ಕನೆಕ್ಟ್ ಎಂಬ ತಾಂತ್ರಿಕ ಮಾನದಂಡಗಳು ಮಾಡುವುದು ಇದನ್ನೇ. ಯಾರು ಎಂದು ಹೇಳುವುದು ಅವರ ಕೆಲಸ, ಏನು ನೋಡಬಹುದು ಎಂದು ತೀರ್ಮಾನಿಸುವುದು ನಿಮ್ಮ ಕೆಲಸ. ಅಲ್ಲಿ ಖಾತೆ ಮುಚ್ಚಿದರೆ ಇಲ್ಲಿ ಹೊಸದಾಗಿ ಲಾಗಿನ್ ಆಗಲು ಬರುವುದಿಲ್ಲ.

ಇಷ್ಟಕ್ಕೇ ನಿಶ್ಚಿಂತೆಯಾಗಿ ಕೂರುವವರು ಜಾಸ್ತಿ. ಕೆಲಸ ಬಿಡದೆ ವಿಭಾಗ ಬದಲಿಸಿದವರ ಕಥೆ ಏನು? ಅವರ ಖಾತೆ ಅಲ್ಲಿ ಜೀವಂತ, ನಿಮ್ಮ ಫೋಲ್ಡರ್ ಇಲ್ಲಿ ತೆರೆದೇ ಇದೆ. ಅದಕ್ಕೇ ಹೆಸರು ನೋಡಿ ಅನುಮತಿ ಕೊಡಬೇಡಿ, ಮಾಡುವ ಕೆಲಸ ನೋಡಿ ಕೊಡಿ. ಲಾಗಿನ್ ಸಂದೇಶದಲ್ಲೇ ವಿಭಾಗವನ್ನೂ ಕಳಿಸಲು ಅವರ ಅಡ್ಮಿನ್‌ಗೆ ಹೇಳಿ. ಜೊತೆಗೆ ಪ್ರತಿ ಅನುಮತಿಗೂ ಕೊನೆಯ ದಿನಾಂಕ ಹಾಕಿ. ನನ್ನ ಲೆಕ್ಕ ತೊಂಬತ್ತು ದಿನ. ಬೇಕಿದ್ದವರು ಮತ್ತೆ ಕೇಳುತ್ತಾರೆ, ಬೇಡವಾದವರು ಸುಮ್ನೆ ಇರುತ್ತಾರೆ. ಎರಡೂ ನಿಮಗೆ ಒಳ್ಳೆಯದೇ ಅಲ್ವಾ? ಪ್ರೋಗ್ರಾಂಗಳು ಮನುಷ್ಯರಿಲ್ಲದೆ ಒಳಗೆ ಬರಲು ಕೊಟ್ಟ ಗುಪ್ತ ಸಂಕೇತ, ಅಂದರೆ ಎಪಿಐ ಕೀ ಮಾತ್ರ ಪ್ರತ್ಯೇಕ ಪಟ್ಟಿಯಲ್ಲಿರಲಿ. ಯಾರ ಖಾತೆ ಮುಚ್ಚಿದರೂ ಅದು ತಾನಾಗಿ ಸಾಯುವುದಿಲ್ಲ.

ಹೆಜ್ಜೆ 4: ಪರೀಕ್ಷೆ. ಪಾಲುದಾರರಿಗೆ ಕೊಟ್ಟಷ್ಟೇ ಅನುಮತಿಯ ಖಾತೆಯೊಂದರಲ್ಲಿ ನೀವೇ ಒಳಗೆ ಹೋಗಿ. ತೆರೆಯಬಾರದ ಫೈಲಿನ ವಿಳಾಸವನ್ನು ನೇರವಾಗಿ ಬ್ರೌಸರಿಗೆ ಹಾಕಿ ನೋಡಿ. ಮೆನುವಿನಲ್ಲಿ ಕಾಣದ ಫೈಲ್ ಹೀಗೆ ತೆರೆದುಕೊಂಡದ್ದನ್ನು ಕಂಡಿದ್ದೇನೆ.

ಡೌನ್‌ಲೋಡ್ ಆದ ಪ್ರತಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ವಾಪಸ್ ತರುವುದಿಲ್ಲ, ಮಾರುವವರು ಏನೇ ಹೇಳಲಿ. ಅದನ್ನು ಎಂದು ಅಳಿಸಬೇಕು, ಅಳಿಸಿದ್ದನ್ನು ಯಾರು ಬರೆದುಕೊಡಬೇಕು ಎಂಬುದು ಒಪ್ಪಂದದಲ್ಲೇ ಇರಲಿ, ಮೊದಲ ಫೈಲ್ ಹೋಗುವ ಮುಂಚೆ.