ಲಾಡ್ಜಿನ ಖೋಲಿ ಹಿಡಿದ ಮೇಲೆ: ಚೀಲ ಇಳಿಸುವ ಮೊದಲು ನೋಡಬೇಕಾದದ್ದು

ಖೋಲಿಯ ಬಾಗಿಲು ತೆಗೆದ ಕೂಡಲೇ ಫಿನೈಲ್ ವಾಸನೆ ಬಂದರೆ ನೆಲ ಒರೆಸಿದ್ದಾರೆ ಎಂದಷ್ಟೇ ತಿಳಿಯಿರಿ. ಗಾದಿ, ಗ್ಲಾಸು, ಕೂಲರಿನ ನೀರು ಹೇಗಿವೆ ಎಂಬುದು ಬೇರೆಯೇ ಮಾತು. ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ, ಖಾಜಾ ಬಂದೇನವಾಜರ ಉರುಸು, ಅತ್ತ ಗಾಣಗಾಪುರದಲ್ಲಿ ದತ್ತ ಜಯಂತಿ ಇರುವಾಗ ಒಬ್ಬರು ಖಾಲಿ ಮಾಡಿದ ಖೋಲಿಗೆ ಇನ್ನೊಬ್ಬರು ಕಾದು ನಿಂತಿರುತ್ತಾರೆ. ಆ ಗಡಿಬಿಡಿಯಲ್ಲಿ ಕಸ ಹೊಡೆದು ನೆಲ ಒರೆಸುವುದೇ ಹೆಚ್ಚು. ಉಳಿದದ್ದನ್ನು ನೀವೇ ನೋಡಿಕೊಳ್ಳಬೇಕು.

ಮೊದಲು ಗಾದಿ. ಚೀಲವನ್ನು ಮಂಚದ ಮೇಲಾಗಲಿ ನೆಲದ ಮೇಲಾಗಲಿ ಇಡದೆ ಪ್ಲಾಸ್ಟಿಕ್ ಕುರ್ಚಿಯ ಮೇಲಿಡಿ. ಮೊಬೈಲ್ ಟಾರ್ಚ್ ಹಚ್ಚಿ, ತಲೆದಿಂಬಿನ ಕಡೆಯ ಚಾದರ ಎತ್ತಿ, ಗಾದಿಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ತಗಣಿ (ತಿಗಣೆ) ಇವೆಯೇ ನೋಡಿ. ಬೆಳೆದ ತಗಣಿ 5ರಿಂದ 7 ಮಿಲಿಮೀಟರ್ ಉದ್ದ. ಚಪ್ಪಟೆ, ಕಂದು, ಅಗಸಿ ಬೀಜಕ್ಕಿಂತ ತುಸು ದೊಡ್ಡದು. ಮರಿಗಳು ತೆಳು ಹಳದಿ ಬಣ್ಣದವು, ಸುಲಭಕ್ಕೆ ಕಾಣುವುದಿಲ್ಲ. ಹೀಗಾಗಿ ಹುಳಕ್ಕಿಂತ ಕಲೆ ಹುಡುಕುವುದು ಜಾಣತನ. ಹೊಲಿಗೆಯ ಸಾಲಿನಲ್ಲಿ ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆಗಳಿದ್ದರೆ ಒದ್ದೆ ಬಟ್ಟೆಯಿಂದ ಉಜ್ಜಿ. ಕೆಂಗಂದು ಬಣ್ಣ ಹರಡಿದರೆ ಅದು ತಗಣಿಯ ಹಿಕ್ಕೆ. ಮಂಚದ ಕೀಲು, ತಲೆಯ ಕಡೆಯ ಹಲಗೆಯ ಹಿಂಬದಿ, ಗೋಡೆಯ ಫೋಟೊ ಹಿಂದೆ ಕೂಡ ನೋಡಿ. ಸಿಕ್ಕರೆ ಬೇರೆ ಖೋಲಿ ಕೇಳಿ, ಪಕ್ಕದ್ದು ಬೇಡ. ಗೋಡೆಯ ಬಿರುಕು, ವೈರಿನ ಪೈಪುಗಳ ದಾರಿಯಿಂದ ಅವು ಅಲ್ಲಿಗೂ ಹೋಗಿರುತ್ತವೆ. ತಗಣಿಯಿಂದ ರೋಗ ಹರಡುವುದು ಖಚಿತವಾಗಿಲ್ಲ, ಆದರೆ ಚೀಲ ಹತ್ತಿ ಮನೆಗೆ ಬಂದರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಚಾದರ ಬದಲಿಸಿದ್ದಾರೋ ಇಲ್ಲವೋ ಎಂಬುದು ಮಡಿಕೆಯ ಗೆರೆಯಿಂದ ತಿಳಿಯುತ್ತದೆ. ಒಗೆದು ಮಡಚಿಟ್ಟಿದ್ದಕ್ಕೆ ಚೌಕ ಚೌಕ ಗೆರೆ ಇರುತ್ತದೆ. ಬರೀ ಕೈಯಿಂದ ಸವರಿ ಹಾಸಿದ್ದಕ್ಕೆ ಇರುವುದಿಲ್ಲ. ರಗ್ಗು ಒಗೆಯುವುದು ಅಪರೂಪ, ಅದನ್ನು ಮೂಲೆಗಿಟ್ಟುಬಿಡಿ. ಮನೆಯಿಂದ ಒಂದು ಚಾದರ, ಒಂದು ದಿಂಬಿನ ಗವುಸು, ಒಂದು ಟವೆಲ್ ತಂದರೆ ಅರ್ಧ ಚಿಂತೆ ಮುಗಿಯಿತು.

ಬೇಸಿಗೆಯಲ್ಲಿ ಇಲ್ಲಿ ಕೂಲರ್ ಇಲ್ಲದೆ ನಿದ್ದೆ ಬರುವುದಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದೂ ಅದೇ. ಟಾಕಿಯೊಳಗೆ ಟಾರ್ಚ್ ಬಿಡಿ. ನೀರಿನಲ್ಲಿ ಸಣ್ಣ ಹುಳಗಳು ನುಲಿಯುತ್ತಿದ್ದರೆ ಅವು ಸೊಳ್ಳೆಮರಿ. ಮೇಲೆ ಇನ್ನೊಂದು ಬಕೀಟು ನೀರು ಸುರಿದರೆ ಏನೂ ಪ್ರಯೋಜನವಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಟಾಕಿಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಕಿದಾಗ ಒಡೆಯುತ್ತವೆ. ಸೆಖೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಆದ್ದರಿಂದ ನೀರು ಪೂರ್ತಿ ಚೆಲ್ಲಿಸಿ, ಗೋಡೆಗಳನ್ನು ಬ್ರಷ್ಷಿನಿಂದ ತಿಕ್ಕಿಸಿಯೇ ಹೊಸ ನೀರು ತುಂಬಿಸಿ. ಪ್ಯಾಡಿನ ಹುಲ್ಲು ಕರ್ರಗಾಗಿ ಮುಗ್ಗಲು ವಾಸನೆ ಬಂದರೆ ಪಂಪು ಬಂದ್ ಮಾಡಿ ಬರೀ ಫ್ಯಾನ್ ಓಡಿಸಿ. ಕೂಲರ್ ಹಚ್ಚಿ ಕಿಟಕಿ ಪೂರ್ತಿ ಮುಚ್ಚಬೇಡಿ. ತೇವ ಹೊರಹೋಗದೆ ಹಾಸಿಗೆಯೇ ಹಸಿಯಾಗುತ್ತದೆ.

ಬಚ್ಚಲಿಗೆ ಚಪ್ಪಲಿ ಹಾಕಿಕೊಂಡೇ ಹೋಗಿ. ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿದ ಹಳೆಯ ಬಚ್ಚಲುಗಳಲ್ಲಿ ಸಂದಿಗಳು ಒಣಗುವುದೇ ಇಲ್ಲ, ಕಾಲ್ಬೆರಳ ನಡುವಿನ ಬೂಸು ಹತ್ತುವುದು ಅಲ್ಲಿಂದಲೇ. ಬಹಳ ದಿನ ಬಳಸದ ಶವರ್ ಇದ್ದರೆ ನಳ ತಿರುಗಿಸಿ ಹೊರಗೆ ಬಂದು, ಎರಡು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಶವರಿನ ತುಂತುರಿನೊಂದಿಗೆ ಉಸಿರಿಗೆ ಸೇರಿದರೆ ನ್ಯುಮೋನಿಯಾ ತರುತ್ತದೆ. ಬಚ್ಚಲು ಗಲೀಜಾಗಿದೆ ಎಂದು ನೀವೇ ಆ್ಯಸಿಡ್ ಸುರಿದು ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಕೂಡ ಕುಡಿಯುವ ನೀರನ್ನೇ ಬಳಸಿ. ಖೋಲಿಯ ಗ್ಲಾಸನ್ನು ಯಾವ ಬಟ್ಟೆಯಿಂದ ಒರೆಸಿದ್ದಾರೋ ಗೊತ್ತಾಗುವುದಿಲ್ಲ, ನಿಮ್ಮದೇ ಸ್ಟೀಲ್ ಗ್ಲಾಸು ಇರಲಿ. ಕೆಟಲ್ ಇದ್ದರೆ ಒಮ್ಮೆ ತುಂಬ ನೀರು ಕುದಿಸಿ ಚೆಲ್ಲಿ, ಆಮೇಲೆ ಬಳಸಿ.

ಟಿವಿ ರಿಮೋಟಿನ ಹೆದರಿಕೆಯಲ್ಲಿ ಹುರುಳಿದೆ, ಆದರೆ ತುಸು ಅತಿಯೂ ಆಗಿದೆ. 2012ರಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು ರಾಜ್ಯಗಳ ಒಂಬತ್ತು ಹೋಟೆಲ್ ಖೋಲಿಗಳನ್ನು ಪರೀಕ್ಷಿಸಿದಾಗ ರಿಮೋಟ್, ಮಂಚದ ಪಕ್ಕದ ದೀಪದ ಸ್ವಿಚ್ಚಿನ ಮೇಲೆ ಬ್ಯಾಕ್ಟೀರಿಯಾ ಹೆಚ್ಚು ಕಂಡಿದ್ದವು. ಸ್ವಚ್ಛ ಮಾಡುವವರ ಸ್ಪಂಜು, ಮಾಪುಗಳ ಮೇಲೂ ಅಷ್ಟೇ. ಒಂಬತ್ತು ಖೋಲಿ ನೋಡಿ ಲೋಕದ ಲೆಕ್ಕ ಹಾಕಲಾಗದು. ಆದರೂ ರಿಮೋಟ್, ಸ್ವಿಚ್ಚು, ಚಿಲಕ, ನಳದ ಹಿಡಿ ಒರೆಸಿಕೊಳ್ಳಿ. ಸೋಂಕುನಾಶಕ ವೈಪ್ಸ್ ಆದರೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಜಾಗ ಒದ್ದೆಯಾಗಿಯೇ ಇರಬೇಕು. ಒರೆಸಿದ ಮರುಕ್ಷಣ ಒಣಗಿದರೆ ಧೂಳು ಹೋಗುತ್ತದೆ, ಕ್ರಿಮಿ ಉಳಿಯುತ್ತದೆ. ರಿಮೋಟನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೂ ನಡೆಯುತ್ತದೆ.

ಕೊನೆಗೆ ಎಲ್ಲವೂ ಬಾಯಿಗೆ ಬರುವುದು ಕೈಯಿಂದಲೇ. ಊಟಕ್ಕೆ ಮೊದಲು, ಸಂಡಾಸಿಗೆ ಹೋಗಿ ಬಂದ ಮೇಲೆ ಸಾಬೂನಿನಿಂದ 20 ಸೆಕೆಂಡ್ ಉಜ್ಜಿ. ಸ್ಯಾನಿಟೈಸರ್ ತರುವುದಾದರೆ ಅದರಲ್ಲಿ ಆಲ್ಕೋಹಾಲ್ ಶೇ 60ಕ್ಕಿಂತ ಕಡಿಮೆ ಇರಬಾರದು. ಶೇಂಗಾ ಹಿಂಡಿ, ಎಣ್ಣೆ ಹತ್ತಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ; ವಾಂತಿಭೇದಿ ತರುವ ನೊರೊವೈರಸ್‌ಗೂ ಸಾಬೂನೇ ವಾಸಿ.

ಗಾಣಗಾಪುರದ ಸಂಗಮದಲ್ಲಿ ಮುಳುಗಿ ಬಂದವರು ಒದ್ದೆ ಬಟ್ಟೆಯನ್ನು ಮಂಚಕ್ಕೆ ಹರವದೆ ಹೊರಗಿನ ತಂತಿಗೆ ಹಾಕಿ.

ಮನೆಗೆ ಬಂದ ಮೇಲೆ ಚೀಲವನ್ನು ಅಂಗಳದಲ್ಲೇ ಬಿಚ್ಚಿ. ಬಿಸಿ ತಡೆಯುವ ಬಟ್ಟೆಗಳನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ, ಆ ಶಾಖಕ್ಕೆ ತಗಣಿಯೂ ಮೊಟ್ಟೆಯೂ ಸಾಯುತ್ತವೆ. ಚೀಲವನ್ನು ಬರೀ ಬಿಸಿಲಿಗಿಟ್ಟರೆ ಸಾಲದು. ಹೊರಗೆ ಕಾದರೂ ಒಳಗಿನ ಹೊಲಿಗೆ, ಜಿಪ್ಪಿನ ಸಂದಿ ಅಷ್ಟು ಕಾಯುವುದಿಲ್ಲ. ಹುಳ ಅಲ್ಲಿಗೇ ಸರಿದು ಕೂರುತ್ತದೆ. ಆ ಸಂದಿಗಳನ್ನು ಟಾರ್ಚ್ ಹಿಡಿದು ಬ್ರಷ್ಷಿನಿಂದ ಕೊಡವಿದ ಮೇಲೆಯೇ ಚೀಲವನ್ನು ಒಳಗೆ ತನ್ನಿ.