ದೇಶದ ಖನಿಜ ಲೆಕ್ಕ: ಪಟ್ಟಿ ಮಾಡುವಾಗ ನಾನು ಹಿಡಿಯುವ ಕ್ರಮ

ಅಂಕಿಗೂ ಮೊದಲು ನಾನು ನೋಡುವುದು ಕಾಲಂನ ತಲೆಬರಹ. ಸಂಪನ್ಮೂಲ ಎಂದರೆ ನೆಲದಡಿ ಇದೆಯೆಂದು ಅಂದಾಜಾದ ಒಟ್ಟು. ಮೀಸಲು ಎಂದರೆ ಅದರಲ್ಲಿ ಇಂದಿನ ಬೆಲೆ, ತಂತ್ರಜ್ಞಾನದಲ್ಲಿ ಲಾಭಕ್ಕೆ ತೆಗೆಯಬಹುದಾದಷ್ಟು ಮಾತ್ರ. ಇವೆರಡನ್ನೂ ಕೂಡಿಸಿಟ್ಟ ಪಟ್ಟಿ ಸಿಕ್ಕರೆ ಬಿಡಿಸಿ ಬರೆಯುತ್ತೇನೆ, ಬಿಡಿಸಲಾಗದಿದ್ದರೆ ಆ ಸಾಲನ್ನೇ ಬಿಡುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು ಅಳತೆಯ ಕೆಲಸ. ತಾಮ್ರವನ್ನೇ ನೋಡಿ: 0.6% ತಾಮ್ರವಿರುವ 50 ಕೋಟಿ ಟನ್ ಅದಿರಿನಲ್ಲಿ ಲೋಹ 30 ಲಕ್ಷ ಟನ್. ಸಂಸ್ಕರಣೆಯಲ್ಲಿ 85% ಕೈಗೆ ಬಂದರೆ 25.5 ಲಕ್ಷ. ಒಂದೇ ಗಣಿಗೆ ಮೂರು ಅಂಕಿ, ಮೂರೂ ಸರಿ! ಅದಕ್ಕೇ ಪ್ರತಿ ಅಂಕಿಯ ಪಕ್ಕ 'ಅದಿರು', 'ಲೋಹ', 'ಆಕ್ಸೈಡ್' ಎಂದು ಬರೆಯದೆ ಮುಂದೆ ಹೋಗುವುದಿಲ್ಲ. ಲಿಥಿಯಂ ಅನ್ನು ಕಾರ್ಬೊನೇಟ್‌ ಲೆಕ್ಕಕ್ಕೆ ತರಲು 5.32ರಿಂದ, ಯುರೇನಿಯಂ ಲೋಹವನ್ನು ಆಕ್ಸೈಡ್‌ಗೆ (ಯು₃ಒ₈) ತರಲು 1.179ರಿಂದ ಗುಣಿಸುತ್ತೇನೆ. ಲಿಥಿಯಂ ಅಂಕಿ ಐದು ಪಟ್ಟು ಉಬ್ಬಿ ಕಂಡರೆ ಮೊದಲ ಅನುಮಾನ ಈ ಗುಣಕದ ಮೇಲೆಯೇ.

ಕಚ್ಚಾ ತೈಲಕ್ಕೆ ಟನ್ನಿಗೆ 7.33 ಬ್ಯಾರೆಲ್ ಎಂಬುದು ಸರಾಸರಿ ಅಷ್ಟೆ. ಭಾರವಾದ ತೈಲದಲ್ಲಿ ಬ್ಯಾರೆಲ್ ಸಂಖ್ಯೆ ಕಡಿಮೆಯಾಗುತ್ತದೆ, ಹಾಗಾಗಿ ಸಾಂದ್ರತೆ ಗೊತ್ತಿದ್ದರೆ ಅದನ್ನೇ ಬಳಸುತ್ತೇನೆ. ಕಲ್ಲಿದ್ದಲಿನಲ್ಲಿ ಪದರದ ಆಳ, ದಪ್ಪ ನೋಡದೆ ಅಂಕಿ ಎತ್ತಿಕೊಳ್ಳಬಾರದು. ಮೇಲ್ಭಾಗ ಕುಸಿಯದಂತೆ ಕಲ್ಲಿದ್ದಲಿನ ಕಂಬಗಳನ್ನೇ ಉಳಿಸಿ ತೆಗೆಯುವ ಭೂಗತ ಗಣಿಯಲ್ಲಿ ಅರ್ಧದಷ್ಟು ಒಳಗೇ ಉಳಿಯಬಹುದು.

ಅಂಕಿ ಏಕಾಏಕಿ ಜಿಗಿದರೆ ಹೊಸ ಶೋಧನೆ ಎಂದುಕೊಳ್ಳುವ ಅವಸರ ಬೇಡ. ವೆನೆಜುವೆಲಾದ ತೈಲ ಮೀಸಲು 2005ರ ಸುಮಾರಿಗೆ ಸರಿಸುಮಾರು 8,000 ಕೋಟಿ ಬ್ಯಾರೆಲ್ ಇದ್ದದ್ದು ಕೆಲವೇ ವರ್ಷಗಳಲ್ಲಿ 30,000 ಕೋಟಿಯ ಹತ್ತಿರ ಹೋಯಿತು. ಒರಿನೊಕೊ ಕಣಿವೆಯ ಅತಿ ಭಾರದ ತೈಲ ಅಲ್ಲಿ ಮೊದಲೂ ಇತ್ತು, ಮೀಸಲಿನ ಲೆಕ್ಕಕ್ಕೆ ಸೇರಿದ್ದು ಆಮೇಲೆ.

'ಇನ್ನೆಷ್ಟು ವರ್ಷ' ಎಂಬ ಕಾಲಂ ಕೊನೆಗೆ: ಮೀಸಲನ್ನು ವಾರ್ಷಿಕ ಉತ್ಪಾದನೆಯಿಂದ ಭಾಗಿಸುವುದು. ಎಡವುವುದು ಇಲ್ಲೂ ಅಳತೆಯಲ್ಲೇ. ಚೀನಾದ ಕಬ್ಬಿಣದ ಅದಿರು ಕಡಿಮೆ ಸತ್ವದ್ದು. ಅಗೆದ ಕಚ್ಚಾ ಅದಿರಿನ ತೂಕ ಒಂದು ಕಡೆ, ಬಳಕೆಗೆ ಬರುವ ಅದಿರಿನ ತೂಕ ಇನ್ನೊಂದು ಕಡೆ ಇಟ್ಟು ಭಾಗಿಸಿದರೆ ವರ್ಷಗಳೇ ಏರುಪೇರು. ಎರಡೂ ಒಂದೇ ಅಳತೆಗೆ ಬರುವ ತನಕ ಆ ಕಾಲಂ ಖಾಲಿ ಇರುತ್ತದೆ.